ಒಳಪೆಟ್ಟು: ಮಂಚದ ಪಕ್ಕದ ಸ್ಕ್ಯಾನಿಂಗನ್ನು ಎಷ್ಟು ನಂಬಬಹುದು?

ಟ್ರ್ಯಾಕ್ಟರಿನ ಟ್ರೇಲರ್ ಮಗುಚಿ ಅದರಡಿ ಸಿಕ್ಕವನ ಮೈಮೇಲೆ ಒಂದು ಗೀರೂ ಇರದೆ ಹೋಗಬಹುದು. ಹುಣಸೆ ಮರ ಹತ್ತಿ ಹಣ್ಣು ಬಡಿಯುವಾಗ ಜಾರಿ ಬಿದ್ದವನು ತಾನೇ ಎದ್ದು ಕೂತು ಬೀಡಿ ಕೇಳಬಹುದು. ಎತ್ತು ಹಾಯ್ದು ಪಕ್ಕೆಗೆ ಪೆಟ್ಟು ಬಿದ್ದ ಹೆಂಗಸು ‘ಏನೂ ಆಗಿಲ್ಲ ಬಿಡ್ರಿ’ ಎಂದು ಒಲೆಯ ಮುಂದೆ ಕೂರಬಹುದು. ಎರಡು ತಾಸು ಕಳೆದ ಮೇಲೆ ಅದೇ ಮನುಷ್ಯರು ಬೆವರಿ, ಬಿಳಿಚಿಕೊಂಡು, ನೀರು ನೀರು ಎಂದು ಕನವರಿಸತೊಡಗುತ್ತಾರೆ. ಹಳ್ಳಿಗಳಲ್ಲಿ ಇದಕ್ಕೆ ಒಳಪೆಟ್ಟು ಎನ್ನುತ್ತಾರೆ. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಉದ್ದುದ್ದ ಹೆಸರುಗಳಿವೆ, ಆದರೆ ಇಷ್ಟು ಸರಿಯಾದ ಮಾತು ಇನ್ನೊಂದಿಲ್ಲ.

ಒಳಪೆಟ್ಟಿನಲ್ಲಿ ಹೆಚ್ಚಾಗಿ ಬಿರುಕು ಬಿಡುವುದು ಎಡಗಡೆ ಪಕ್ಕೆಲುಬುಗಳ ಅಡಿ ಅಡಗಿರುವ ಗುಲ್ಮ ಮತ್ತು ಬಲಗಡೆಯ ಪಿತ್ತಜನಕಾಂಗ. ಎರಡೂ ರಕ್ತದಿಂದ ತುಂಬಿದ ಮೃದು ಅಂಗಗಳು. ಅವು ಒಡೆದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ರಕ್ತವೆಲ್ಲ ಹೊಟ್ಟೆಯೊಳಗೇ ಸೋರಿ ನಿಲ್ಲುತ್ತದೆ. ವಯಸ್ಕರ ಮೈಯಲ್ಲಿ ನಾಲ್ಕೂವರೆಯಿಂದ ಐದು ಲೀಟರ್ ರಕ್ತವಿರುತ್ತದೆ. ಗಟ್ಟಿಮುಟ್ಟಾದ ಯುವಕನಾದರೆ ಅದರಲ್ಲಿ ಒಂದೂಕಾಲು ಲೀಟರ್ ಹೋಗುವ ತನಕವೂ ರಕ್ತದೊತ್ತಡ ಬೀಳದೆ ಇರಬಹುದು. ನಾಡಿ ಮಾತ್ರ ಮೊದಲೇ ಚುರುಕಾಗುತ್ತದೆ. ಆದ್ದರಿಂದ ‘ಬಿ.ಪಿ. ನೋಡಿದರು, ಸರಿಯಾಗಿದೆ ಎಂದರು’ ಎಂಬ ಮಾತನ್ನು ನಂಬಿ ಮನೆಗೆ ಮರಳುವುದು ಅಪಾಯ.

ಈ ಮಾತು ಎಲ್ಲ ಕಡೆಗೂ ಅನ್ವಯಿಸುತ್ತದೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಇದರ ತೂಕವೇ ಬೇರೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿಯುವುದು ಈ ಐದು ತಾಲ್ಲೂಕುಗಳು. ಚಿತ್ರದುರ್ಗ–ಹೊಸಪೇಟೆ ಹೆದ್ದಾರಿ ಕೂಡ್ಲಿಗಿಯನ್ನು ಹಾದು ಹೋಗುತ್ತದೆ. ಹಗಲು ರಾತ್ರಿ ಲಾರಿಗಳ ಸಾಲು. ಒಳಗಿನ ರಸ್ತೆಗಳಲ್ಲಿ ಶೇಂಗಾ, ಮೆಕ್ಕೆಜೋಳ ಹೇರಿದ ಟ್ರೇಲರುಗಳು, ಒಂದೇ ಬೈಕಿನ ಮೇಲೆ ಮೂವರು. ಪೆಟ್ಟು ತಿಂದವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿಂದ ಮುಂದೆ ಕೂಡ್ಲಿಗಿ ಕಡೆಯವರು ಹೊಸಪೇಟೆಗೋ, ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗುತ್ತಾರೆ. ಹರಪನಹಳ್ಳಿ ಕಡೆಯವರಿಗೆ ದಾವಣಗೆರೆ ಹತ್ತಿರ. ಯಾರನ್ನು ಕೂಡಲೇ ಸಾಗಿಸಬೇಕು, ಯಾರನ್ನು ಇಲ್ಲೇ ಇಟ್ಟುಕೊಂಡು ನೋಡಬಹುದು ಎಂಬ ತೀರ್ಮಾನ ಆಗಬೇಕಾದದ್ದು ಆ ಮೊದಲ ಆಸ್ಪತ್ರೆಯಲ್ಲಿ, ಮೊದಲ ಹದಿನೈದು ನಿಮಿಷಗಳಲ್ಲಿ.

ಈ ತೀರ್ಮಾನಕ್ಕೆ ಈಗ ನೆರವಾಗುತ್ತಿರುವುದು ಮಂಚದ ಪಕ್ಕಕ್ಕೇ ತರಬಹುದಾದ ಪುಟ್ಟ ಅಲ್ಟ್ರಾಸೌಂಡ್ ಯಂತ್ರ. ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ನಿಮಗೆ ಗೊತ್ತು. ಇದೂ ಅದೇ. ಕಿವಿಗೆ ಕೇಳಿಸದ ಧ್ವನಿ ತರಂಗಗಳನ್ನು ಮೈಯೊಳಗೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವುದು. ಮಾಂಸಲ ಅಂಗಗಳು ಬೂದು ಬಣ್ಣದಲ್ಲಿ ಕಾಣುತ್ತವೆ, ದ್ರವ ಮಾತ್ರ ಕಪ್ಪಗೆ ಕಾಣುತ್ತದೆ. ಪೆಟ್ಟು ಬಿದ್ದವರಲ್ಲಿ ವೈದ್ಯರು ಹುಡುಕುವುದು ಈ ಕಪ್ಪನ್ನೇ. ಅದಕ್ಕೆ ಅವರು ಇಡೀ ಹೊಟ್ಟೆಯನ್ನು ನೋಡುತ್ತಾ ಕೂರುವುದಿಲ್ಲ. ಬಲಗಡೆ ಪಿತ್ತಜನಕಾಂಗ ಮತ್ತು ಮೂತ್ರಪಿಂಡದ ನಡುವಿನ ಸಂದು, ಎಡಗಡೆ ಗುಲ್ಮದ ಸುತ್ತ, ಕೆಳಗೆ ಮೂತ್ರಕೋಶದ ಹಿಂಬದಿ, ಮೇಲೆ ಹೃದಯದ ಸುತ್ತಲಿನ ಚೀಲ, ಇಷ್ಟೇ ನಾಲ್ಕು ಜಾಗ. ಅಂಗಾತ ಮಲಗಿದ ಮನುಷ್ಯನಲ್ಲಿ ಸೋರಿದ ರಕ್ತ ತಗ್ಗು ಹುಡುಕಿಕೊಂಡು ಹರಿಯುವುದು ಈ ಸಂದುಗಳಿಗೆ. ಕೈ ಪಳಗಿದವರಿಗೆ ನಾಲ್ಕೈದು ನಿಮಿಷದ ಕೆಲಸ. ಇದಕ್ಕೆ ಫಾಸ್ಟ್ ಪರೀಕ್ಷೆ ಎಂಬ ಹೆಸರು 1990ರ ದಶಕದಲ್ಲಿ ಬಂತು.

ಅದಕ್ಕೆ ಮೊದಲು ಏನು ಮಾಡುತ್ತಿದ್ದರು? 1965ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಒಂದು ವಿಧಾನವಿತ್ತು. ಹೊಕ್ಕುಳ ಕೆಳಗೆ ಸಣ್ಣದಾಗಿ ಕೊಯ್ದು, ಕೊಳವೆ ಇಳಿಸಿ, ಒಂದು ಲೀಟರ್ ಸಲೈನ್ ಹೊಟ್ಟೆಯೊಳಗೆ ಬಿಟ್ಟು ಮತ್ತೆ ಹೊರತೆಗೆಯುವುದು. ಕೆಂಪಾಗಿ ಬಂದರೆ ಒಳಗೆ ರಕ್ತವಿದೆ ಎಂದರ್ಥ. ಬಹಳ ಸೂಕ್ಷ್ಮ ಪರೀಕ್ಷೆ, ತಪ್ಪಿಸಿಕೊಳ್ಳುವ ಪೆಟ್ಟು ಕಡಿಮೆ. ಆದರೆ ಮೈಗೆ ಚಾಕು ತಾಕಿಸಬೇಕು, ಮತ್ತೆ ಮತ್ತೆ ಮಾಡಲು ಬರುವುದಿಲ್ಲ. ನೋವಿಲ್ಲದ, ಎಷ್ಟು ಸಲ ಬೇಕಾದರೂ ಮಾಡಬಹುದಾದ ಸ್ಕ್ಯಾನಿಂಗ್ ಬಂದ ಮೇಲೆ ಈ ಕೊಳವೆ ಹೆಚ್ಚು ಕಡಿಮೆ ಮೂಲೆ ಸೇರಿತು. ಸೂಕ್ಷ್ಮತೆಯಲ್ಲಿ ಮಾತ್ರ ಹೊಸದು ಹಳೆಯದಕ್ಕೆ ಸಮವಲ್ಲ ಎಂಬುದನ್ನು ಬಹಳ ಜನ ಮರೆತಿದ್ದಾರೆ.

ಕಂಡದ್ದು ನಿಜ, ಕಾಣದ್ದು?

ಯಾವುದೇ ಪರೀಕ್ಷೆಗೆ ಎರಡು ಪ್ರಶ್ನೆ ಹಾಕಬೇಕು. ಇದೆ ಎಂದು ಹೇಳಿದರೆ ನಿಜವಾಗಿ ಇರುತ್ತದೆಯೇ? ಇಲ್ಲ ಎಂದು ಹೇಳಿದರೆ ನಿಜವಾಗಿ ಇಲ್ಲವೇ? ಈ ಎರಡಕ್ಕೂ ಒಂದೇ ಉತ್ತರ ಇರಬೇಕೆಂದಿಲ್ಲ. ಮಂಚದ ಪಕ್ಕದ ಸ್ಕ್ಯಾನಿಂಗಿನ ವಿಷಯದಲ್ಲಂತೂ ಉತ್ತರಗಳು ತೀರ ಬೇರೆ ಬೇರೆ.

ಜಗತ್ತಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಎದೆ ಮತ್ತು ಹೊಟ್ಟೆಯ ಪೆಟ್ಟುಗಳ ಬಗ್ಗೆ ಇಂಥದೊಂದು ವಿಮರ್ಶೆ ಪ್ರಕಟಿಸಿತು. 34 ಅಧ್ಯಯನಗಳು, 8,635 ಗಾಯಾಳುಗಳು. ಪೆಟ್ಟು ಇಲ್ಲದ ನೂರು ಜನರಲ್ಲಿ 96 ಜನರಿಗೆ ಸ್ಕ್ಯಾನಿಂಗ್ ಸರಿಯಾಗಿಯೇ ‘ಇಲ್ಲ’ ಎಂದಿತು. ಪೆಟ್ಟು ಇದ್ದ ನೂರು ಜನರಲ್ಲಿ ಅದು ಹಿಡಿದದ್ದು 74 ಮಂದಿಯನ್ನು ಮಾತ್ರ. ಆ ವಿಮರ್ಶೆಯ ಲೆಕ್ಕವನ್ನೇ ಮುಂದಿಟ್ಟು ಹೇಳುವುದಾದರೆ, ಪೆಟ್ಟು ತಿಂದು ಬಂದ ಸಾವಿರ ಜನರಲ್ಲಿ 280 ಮಂದಿಗೆ ನಿಜವಾಗಿ ಒಳಪೆಟ್ಟಾಗಿದೆ ಎಂದುಕೊಳ್ಳಿ. ಅವರಲ್ಲಿ 73 ಮಂದಿಯ ಪೆಟ್ಟು ಸ್ಕ್ಯಾನಿಂಗಿಗೆ ಸಿಗುವುದಿಲ್ಲ. ಏನೂ ಆಗದ 29 ಮಂದಿಗೆ ‘ಇದೆ’ ಎಂದು ತಪ್ಪಾಗಿ ಹೇಳುತ್ತದೆ. ಹಾಗಾದರೆ ‘ಏನೂ ಇಲ್ಲ’ ಎನಿಸಿಕೊಂಡವರಲ್ಲಿ ಹೆಚ್ಚು ಕಡಿಮೆ ಹತ್ತಕ್ಕೆ ಒಬ್ಬರಿಗೆ ಏನೋ ಇದ್ದೇ ಇದೆ. ಬಸ್ಸಿನ ಟಿಕೆಟ್ಟಿನಂತೆ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೊರಡುವಷ್ಟು ಗಟ್ಟಿಯಾದ ಭರವಸೆ ಇದಲ್ಲ.

ಏಕೆ ಹೀಗೆ? ಯಂತ್ರ ಕೆಟ್ಟದ್ದೆಂದಲ್ಲ. ಅದು ನೋಡುವುದು ಪೆಟ್ಟನ್ನಲ್ಲ, ಪೆಟ್ಟಿನಿಂದ ಸೋರಿದ ರಕ್ತವನ್ನು. ಆ ರಕ್ತ ಕಣ್ಣಿಗೆ ಕಾಣುವಷ್ಟು ಶೇಖರವಾಗಬೇಕು. 1995ರಲ್ಲಿ ಅಮೆರಿಕದ ವೈದ್ಯರು ಒಂದು ಜಾಣ ಪ್ರಯೋಗ ಮಾಡಿದರು. ಆ ಹಳೆಯ ಕೊಳವೆ ಪರೀಕ್ಷೆಗೆ ಒಳಗಾಗುತ್ತಿದ್ದ ನೂರು ರೋಗಿಗಳ ಹೊಟ್ಟೆಗೆ ಸಲೈನ್ ಸ್ವಲ್ಪ ಸ್ವಲ್ಪವೇ ಇಳಿಯುತ್ತಿರುವಾಗ ಪಿತ್ತಜನಕಾಂಗದ ಸಂದಿಗೆ ಸ್ಕ್ಯಾನ್ ಹಿಡಿದು, ಎಷ್ಟು ಇಳಿದಾಗ ಕಾಣುತ್ತದೆ ಎಂದು ಗುರುತು ಹಾಕಿಕೊಂಡರು. ಸರಾಸರಿ 619 ಮಿಲಿಲೀಟರ್ ತುಂಬಿದ ಮೇಲೆ ಕಂಡಿತು! 400 ಮಿಲಿಲೀಟರಿಗಿಂತ ಕಡಿಮೆ ಇದ್ದಾಗ ಕಂಡುಹಿಡಿದವರು ಹತ್ತರಲ್ಲಿ ಒಬ್ಬರು. ಇಂದಿನ ಯಂತ್ರಗಳು ಆಗಿನದಕ್ಕಿಂತ ಚೆನ್ನಾಗಿವೆ, ನಾಲ್ಕೂ ಜಾಗ ನೋಡಿದರೆ ಇನ್ನಷ್ಟು ಬೇಗ ಸಿಗಬಹುದು. ಆದರೂ ಮೂಲ ಮಾತು ಬದಲಾಗುವುದಿಲ್ಲ. ಪೆಟ್ಟು ಬಿದ್ದು ಇಪ್ಪತ್ತು ನಿಮಿಷಕ್ಕೆ ಆಸ್ಪತ್ರೆ ಮುಟ್ಟಿದವನ ಹೊಟ್ಟೆಯಲ್ಲಿ ರಕ್ತ ಇನ್ನೂ ಅಷ್ಟು ಸೇರಿರದಿದ್ದರೆ ಪರದೆ ಶುಭ್ರವಾಗಿಯೇ ಕಾಣುತ್ತದೆ.

ಇಲ್ಲೇ ಈ ಯಂತ್ರದ ಉಪಯೋಗವೂ ಇದೆ ಎಂಬುದನ್ನು ಗಮನಿಸಿ. ಅರ್ಧ ಲೀಟರಿಗೆ ಸ್ಕ್ಯಾನಿಂಗಿನಲ್ಲಿ ಕಾಣುವ ರಕ್ತ, ರಕ್ತದೊತ್ತಡದಲ್ಲಿ ಕಾಣಲು ಒಂದೂಕಾಲು ಲೀಟರ್ ಆಗಬೇಕು. ಈ ಎರಡರ ನಡುವಿನ ಹೊತ್ತು ವೈದ್ಯರ ಕೈಗೆ ಸಿಗುತ್ತದೆ. ರಕ್ತದೊತ್ತಡ ಆಗಲೇ ಬಿದ್ದವನಲ್ಲಿ ಕಪ್ಪು ಕಂಡರೆ ಮುಂದೆ ಬೇರೆ ಪರೀಕ್ಷೆಗಳಿಗಾಗಿ ಅಲೆಯಬೇಕಾಗಿಲ್ಲ. ನೇರ ಶಸ್ತ್ರಚಿಕಿತ್ಸಕರಿರುವ ಕಡೆಗೆ ಸಾಗಿಸಬೇಕು.

ಸ್ಕ್ಯಾನಿಂಗಿಗೆ ಕಾಣದ ಪೆಟ್ಟುಗಳೂ ಇವೆ. ಕರುಳು ತೂತಾಗಿದ್ದರೆ ಮೊದಲ ಗಂಟೆಗಳಲ್ಲಿ ದ್ರವ ಹೆಚ್ಚು ಇರುವುದಿಲ್ಲ. ಕರುಳಿನೊಳಗಿನ ಗಾಳಿ ಧ್ವನಿ ತರಂಗಗಳಿಗೆ ಗೋಡೆಯಿದ್ದಂತೆ. ಬೆನ್ನುಹುರಿಯ ಇಕ್ಕೆಲದಲ್ಲಿ, ಹೊಟ್ಟೆಯ ಹಿಂಗೋಡೆಯ ಆಚೆ ಸೋರುವ ರಕ್ತ, ಸೊಂಟದ ಮೂಳೆ ಮುರಿದಾಗ ಸೋರುವ ರಕ್ತ ಈ ನಾಲ್ಕು ಸಂದುಗಳಿಗೆ ಹರಿದು ಬರುವುದೇ ಇಲ್ಲ. ಬೊಜ್ಜಿನವರಲ್ಲಿ ಚಿತ್ರ ಮಸುಕು. ಇನ್ನು ತಪ್ಪಾಗಿ ‘ಇದೆ’ ಎನ್ನುವುದೂ ಉಂಟು. ಪರದೆಯ ಮೇಲಿನ ಕಪ್ಪು ರಕ್ತವೇ ಆಗಬೇಕೆಂದಿಲ್ಲ. ಕುಡಿತದಿಂದ ಪಿತ್ತಜನಕಾಂಗ ಹಾಳಾಗಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡವನು ಬೈಕಿನಿಂದ ಬಿದ್ದು ಬಂದರೆ, ಆ ನೀರೂ ಕಪ್ಪಾಗಿಯೇ ಕಾಣುತ್ತದೆ. ‘ಮೊದಲಿಂದಲೂ ಹೊಟ್ಟೆ ಊದಿತ್ತು’ ಎಂದು ಹೇಳುವುದು ಜೊತೆಗೆ ಬಂದವರ ಕೆಲಸ.

ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದೇ ವಿಮರ್ಶೆಯಲ್ಲಿ ಮಕ್ಕಳ ಪೆಟ್ಟುಗಳಲ್ಲಿ ಸ್ಕ್ಯಾನಿಂಗ್ ಹಿಡಿದದ್ದು ನೂರಕ್ಕೆ 63 ಮಾತ್ರ. ಮಕ್ಕಳ ಗುಲ್ಮ, ಪಿತ್ತಜನಕಾಂಗಗಳಲ್ಲಿ ಬಿರುಕು ಬಿದ್ದೂ ರಕ್ತ ಅಂಗದ ಹೊರಪದರದೊಳಗೇ ನಿಂತುಬಿಡುವುದು ಸಾಮಾನ್ಯ. 2017ರಲ್ಲಿ ಅಮೆರಿಕದಲ್ಲಿ ಪೆಟ್ಟು ತಿಂದ 925 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಮಂಚದ ಪಕ್ಕದ ಸ್ಕ್ಯಾನಿಂಗ್ ಮಾಡಿ ನೋಡಿದರು. ಆರೈಕೆಯಲ್ಲಾಗಲಿ ಫಲಿತಾಂಶದಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸೈಕಲ್ ಕಲಿಯುವಾಗ ಹ್ಯಾಂಡಲಿನ ತುದಿ ಹೊಟ್ಟೆಗೆ ಚುಚ್ಚಿಕೊಂಡು ಬಿದ್ದ ಮಗುವಿನ ಚರ್ಮದ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಗುರುತು ಮಾತ್ರ ಇರಬಹುದು. ಒಳಗೆ ಕರುಳಿಗೋ ಮೇದೋಜೀರಕ ಗ್ರಂಥಿಗೋ ಪೆಟ್ಟಾಗಿರಬಹುದು. ಅಂಥ ಮಗು ಊಟ ಬೇಡವೆಂದು ಮುದುಡಿ ಮಲಗಿದರೆ, ವಾಂತಿ ಮಾಡಿದರೆ, ಸ್ಕ್ಯಾನಿಂಗ್ ಏನೇ ಹೇಳಲಿ, ಆಸ್ಪತ್ರೆಯಲ್ಲೇ ಇಟ್ಟು ನೋಡಬೇಕು.

ಎಕ್ಸರೆಯನ್ನೂ ಮೀರಿಸುವ ಜಾಗ

ಬರೀ ದೋಷ ಎಣಿಸಿದರೆ ಅನ್ಯಾಯವಾದೀತು. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದಾಗ ಎದೆಗೂಡಿನಲ್ಲಿ ಗಾಳಿ ಸೇರಿಕೊಂಡು ಶ್ವಾಸಕೋಶವನ್ನು ಅದುಮುತ್ತದೆ. ಗಾಳಿ ಒತ್ತರಿಸುತ್ತಲೇ ಹೋದರೆ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಮಲಗಿಸಿಯೇ ತೆಗೆದ ಎಕ್ಸರೆ ಈ ಗಾಳಿಯನ್ನು ನೂರಕ್ಕೆ 47 ಮಂದಿಯಲ್ಲಿ ಮಾತ್ರ ಹಿಡಿದರೆ, ಎದೆಯ ಮೇಲಿಟ್ಟ ಸ್ಕ್ಯಾನಿಂಗ್ 91 ಮಂದಿಯಲ್ಲಿ ಹಿಡಿಯಿತು ಎನ್ನುತ್ತದೆ 2020ರ ಇನ್ನೊಂದು ಕಾಕ್ರೇನ್ ವಿಮರ್ಶೆ. ಅಲ್ಲಿ ಸ್ಕ್ಯಾನ್ ಮಾಡಿದವರು ಸ್ಕ್ಯಾನಿಂಗ್ ತಜ್ಞರಲ್ಲ, ತುರ್ತು ಚಿಕಿತ್ಸೆಯ ವೈದ್ಯರೇ. ಆರೋಗ್ಯವಂತನ ಶ್ವಾಸಕೋಶ ಉಸಿರಿನೊಂದಿಗೆ ಎದೆಗೋಡೆಯ ಒಳಮೈಗೆ ಸವರಿಕೊಂಡು ಜಾರುವುದು ಪರದೆಯ ಮೇಲೆ ಇರುವೆ ಸಾಲು ಹರಿದಂತೆ ಕಾಣುತ್ತದೆ. ನಡುವೆ ಗಾಳಿ ಸೇರಿದರೆ ಆ ಜಾರಾಟ ನಿಂತುಹೋಗುತ್ತದೆ.

ಹೆಣ್ಣುಮಕ್ಕಳಿಗೆ ಸಂಬಂಧಿಸಿದ ಇನ್ನೊಂದು ಸಂದರ್ಭವಿದೆ. ಮುಟ್ಟು ನಿಂತು ಒಂದೆರಡು ತಿಂಗಳಾದವರಿಗೆ ಇದ್ದಕ್ಕಿದ್ದಂತೆ ಕಿಬ್ಬೊಟ್ಟೆ ನೋವು, ತಲೆಸುತ್ತು ಬಂದರೆ ಬಸಿರು ಗರ್ಭಕೋಶದ ಬದಲು ನಾಳದಲ್ಲಿ ನಿಂತು ಒಡೆದಿರಬಹುದು. ಬಸಿರು ಪರೀಕ್ಷೆ ಹೌದೆಂದು ತೋರಿಸಿ, ಗರ್ಭಕೋಶ ಖಾಲಿಯಿದ್ದು, ಹೊಟ್ಟೆಯಲ್ಲಿ ಕಪ್ಪು ದ್ರವ ಕಂಡರೆ ತಡಮಾಡಲು ಸಮಯವಿಲ್ಲ. ಹಡಗಲಿಯಲ್ಲಾಗಲಿ ಹರಪನಹಳ್ಳಿಯಲ್ಲಾಗಲಿ ಆ ಐದು ನಿಮಿಷದ ಸ್ಕ್ಯಾನಿಂಗ್ ಒಂದು ಜೀವ ಉಳಿಸುವಂಥದು.

ಜಾತ್ರೆಗಳ ಸೀಮೆ ಇದು. ಮೈಲಾರದ ಕಾರಣಿಕಕ್ಕೆ, ಕೊಟ್ಟೂರಿನ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರ ಸ್ವಾಮಿಯ ತೇರು ಉರುಳಿ ಬಿದ್ದು ಹಲವರು ಗಾಯಗೊಂಡದ್ದು ನಿಮಗೆ ನೆನಪಿರಬಹುದು. ಒಟ್ಟಿಗೆ ಹತ್ತಾರು ಜನ ಪೆಟ್ಟು ತಿಂದು ಬಂದಾಗ ಯಾರನ್ನು ಮೊದಲು ಆಂಬುಲೆನ್ಸಿಗೆ ಹತ್ತಿಸಬೇಕು? ಕೂಗಾಡುತ್ತಿರುವವನನ್ನೋ, ಮೂಲೆಯಲ್ಲಿ ಸುಮ್ಮನೆ ಕೂತವನನ್ನೋ? ಸುಮ್ಮನೆ ಕೂತವನ ಹೊಟ್ಟೆಯಲ್ಲೇ ರಕ್ತ ತುಂಬುತ್ತಿರಬಹುದು. 1988ರ ಆರ್ಮೇನಿಯ ಭೂಕಂಪದಲ್ಲಿ ವೈದ್ಯರು ಮೊದಲ 72 ಗಂಟೆಗಳಲ್ಲಿ 400 ಗಾಯಾಳುಗಳಿಗೆ ಸ್ಕ್ಯಾನಿಂಗ್ ಮಾಡಿದರು. ಒಬ್ಬೊಬ್ಬರಿಗೆ ಹಿಡಿದದ್ದು ಸರಾಸರಿ ನಾಲ್ಕು ನಿಮಿಷ. ಅಂಥ ಆಯ್ಕೆಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಹಾಗಾದರೆ 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ ಶುರುವಾದ 108 ಆಂಬುಲೆನ್ಸುಗಳಲ್ಲೇ ಒಂದೊಂದು ಯಂತ್ರ ಇಡಬಾರದೇಕೆ ಎಂದು ನೀವು ಕೇಳಬಹುದು. ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರ ರಕ್ತದೊತ್ತಡ ನೋಡುವ ಯಂತ್ರದಂತೆ ಎಲ್ಲೆಂದರಲ್ಲಿ ಒಯ್ಯುವ ವಸ್ತುವಲ್ಲ. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಮಾಡಿದ ಕಾಯ್ದೆ 1996ರಲ್ಲಿ ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಪ್ರತಿ ಯಂತ್ರವೂ ನೋಂದಣಿಯಾಗಬೇಕು. 2012ರಲ್ಲಿ ಬಂದ ನಿಯಮದ ಪ್ರಕಾರ ಕೈಯಲ್ಲಿ ಒಯ್ಯುವಂಥ ಯಂತ್ರವನ್ನು ನೋಂದಣಿಯಾದ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ, ಇಲ್ಲವೇ ಇತರ ಸೇವೆಗಳನ್ನೂ ಕೊಡುವ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ ಮಾತ್ರ ಬಳಸಬಹುದು. ಈ ಬಿಗಿಯನ್ನು ಕೆಲವು ವೈದ್ಯರು ದೂರುತ್ತಾರೆ. ಆದರೆ ಅದೇ ಯಂತ್ರವನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಹಳ್ಳಿ ಹಳ್ಳಿ ತಿರುಗಿ ಹೆಣ್ಣೋ ಗಂಡೋ ಹೇಳಿ ದುಡ್ಡು ಮಾಡಿದವರು ಇದ್ದುದರಿಂದಲೇ ಈ ಬಿಗಿ ಬಂದದ್ದು. ಕಾನೂನು ಸಡಿಲವಾಗಲಿ ಎನ್ನುವುದಕ್ಕಿಂತ, ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆಯಲ್ಲೇ ನೋಂದಣಿಯಾದ ಒಂದು ಯಂತ್ರ, ರಾತ್ರಿ ಹನ್ನೆರಡಕ್ಕೂ ಅದನ್ನು ನೋಡಬಲ್ಲ ತರಬೇತಾದ ಒಬ್ಬ ವೈದ್ಯರು ಇರಲಿ ಎಂದು ಒತ್ತಾಯಿಸುವುದು ಮೇಲು. ಈ ಪರೀಕ್ಷೆಯ ನಿಖರತೆ ಯಂತ್ರದ ಬೆಲೆಗಿಂತ ಹಿಡಿದ ಕೈಯನ್ನೇ ಹೆಚ್ಚು ಅವಲಂಬಿಸಿದೆ.

ಚೀಟಿಯಲ್ಲಿ ವೇಳೆ ಬರೆಸಿ

ಈಗ ನಿಮ್ಮ ಕೈಯಲ್ಲಿರುವ ಸಂಗತಿಗೆ ಬರೋಣ. ಪೆಟ್ಟು ತಿಂದವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಿದ್ದೀರಿ, ಸ್ಕ್ಯಾನಿಂಗ್ ಆಯಿತು, ‘ನಾರ್ಮಲ್’ ಎಂದರು. ಆ ಸ್ಕ್ಯಾನಿಂಗ್ ಪೆಟ್ಟು ಬಿದ್ದು ಎಷ್ಟು ಹೊತ್ತಿಗೆ ಆಯಿತು ಎಂಬುದನ್ನು ಚೀಟಿಯಲ್ಲಿ ಬರೆಯಲು ಕೇಳಿಕೊಳ್ಳಿ. ಮತ್ತೆ ಯಾವಾಗ ಮಾಡಬೇಕು ಎಂದೂ ಕೇಳಿ. ಅರ್ಧ ಗಂಟೆಗೋ ಒಂದೆರಡು ತಾಸಿಗೋ ಎರಡನೇ ಸ್ಕ್ಯಾನಿಂಗ್ ಮಾಡಿದಾಗ ಮೊದಲು ಕಾಣದ ರಕ್ತ ಕಾಣುವುದು ಅಪರೂಪವಲ್ಲ. ಬಳ್ಳಾರಿಗೋ ದಾವಣಗೆರೆಗೋ ಹೊರಟಿದ್ದರೆ ದಾರಿಯಲ್ಲಿ ಕಳೆದ ಹೊತ್ತಿನಲ್ಲೇ ಆ ರಕ್ತ ಶೇಖರವಾಗಿರುತ್ತದೆ. ಅಲ್ಲಿಗೆ ತಲುಪಿದ ಮೇಲೆ ‘ಕೂಡ್ಲಿಗಿಯಲ್ಲಿ ಸ್ಕ್ಯಾನಿಂಗ್ ಆಗಿದೆ, ನಾರ್ಮಲ್ ಬಂದಿದೆ’ ಎಂದು ಹೇಳಿ ಸುಮ್ಮನಾಗಬೇಡಿ. ‘ಪೆಟ್ಟು ಬಿದ್ದ ಅರ್ಧ ಗಂಟೆಗೆ ಮಾಡಿದ್ದು, ಈಗ ಮೂರು ತಾಸಾಯಿತು’ ಎಂದು ಹೇಳಿ. ವೈದ್ಯರು ತಾವೇ ಮತ್ತೆ ಪ್ರೋಬ್ ಕೈಗೆತ್ತಿಕೊಳ್ಳುತ್ತಾರೆ, ಬೇಕೆನಿಸಿದರೆ ಸಿ.ಟಿ. ಸ್ಕ್ಯಾನಿಗೆ ಕಳುಹಿಸುತ್ತಾರೆ. ಅಂಗಕ್ಕೇ ಬಿದ್ದ ಪೆಟ್ಟನ್ನು ನೇರವಾಗಿ ತೋರಿಸುವುದು ಸಿ.ಟಿ.ಯೇ. ಆದರೆ ರಕ್ತದೊತ್ತಡ ಬಿದ್ದವರನ್ನು ಆ ಯಂತ್ರದೊಳಗೆ ತೂರಿಸುವುದು ಅಪಾಯ.

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವವರಿಲ್ಲದಿದ್ದರೆ ಪೇಟೆಯ ಸ್ಕ್ಯಾನಿಂಗ್ ಸೆಂಟರುಗಳನ್ನು ಹುಡುಕಿಕೊಂಡು ಆಟೋದಲ್ಲಿ ಸುತ್ತಿಸಬೇಡಿ. ಮಂಚದ ಪಕ್ಕದಲ್ಲೇ ಆಗದ ಸ್ಕ್ಯಾನಿಂಗಿಗೆ ಈ ಸಂದರ್ಭದಲ್ಲಿ ಬೆಲೆಯಿಲ್ಲ. ಕೈ ಬೆರಳು ತಣ್ಣಗಾಗಿ, ನಾಡಿ ನಿಮಿಷಕ್ಕೆ ನೂರು ದಾಟಿದ್ದರೆ ಸಮಯ ಕಳೆಯದೆ ದೊಡ್ಡ ಆಸ್ಪತ್ರೆಗೆ ಹೊರಡಿಸಲು ವೈದ್ಯರನ್ನು ಕೇಳಿ, ರಕ್ತ ಕೊಡಬಲ್ಲ ಇಬ್ಬರು ಮೂವರನ್ನು ಜೊತೆಗೆ ಕರೆದೊಯ್ಯಿರಿ. ಚಹಾ, ಸೋಡಾ, ಊಟ ಏನನ್ನೂ ಕೊಡಬೇಡಿ, ಶಸ್ತ್ರಚಿಕಿತ್ಸೆ ಬೇಕಾದೀತು. ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ. ಸ್ಕ್ಯಾನಿಂಗಿಗೆ ಮುಂಚೆ ಮೂತ್ರಕ್ಕೆ ಅವಸರವಿಲ್ಲದಿದ್ದರೆ ತಡೆದುಕೊಳ್ಳಲಿ. ಮೂತ್ರಕೋಶ ತುಂಬಿದ್ದರೆ ಅದರ ಹಿಂದಿನ ರಕ್ತ ಚೆನ್ನಾಗಿ ಕಾಣುತ್ತದೆ.

ತಲೆಗೆ ಬಿದ್ದ ಪೆಟ್ಟಿಗೆ ಈ ಸ್ಕ್ಯಾನಿಂಗ್ ಉತ್ತರವಲ್ಲ ಎಂಬುದೂ ತಿಳಿದಿರಲಿ. ತಲೆಬುರುಡೆಯ ಮೂಳೆ ಧ್ವನಿ ತರಂಗಗಳನ್ನು ತಡೆಯುತ್ತದೆ. ಹೊಟ್ಟೆ ನಾರ್ಮಲ್ ಎಂದರೆ ತಲೆಯೂ ನಾರ್ಮಲ್ ಎಂದು ಅರ್ಥ ಮಾಡಿಕೊಂಡು ಹೊರಟುಬಿಡುವವರಿದ್ದಾರೆ.

ಎರಡು ಸ್ಕ್ಯಾನಿಂಗ್ ಆಗಿ, ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟು ನೋಡಿ, ಮನೆಗೆ ಕಳುಹಿಸಿದ ಮೇಲೂ ಎರಡು ವಾರ ಕಣ್ಣಿಟ್ಟಿರಿ. ಗುಲ್ಮದ ಬಿರುಕು ಕೆಲವೊಮ್ಮೆ ತಾನೇ ಹೆಪ್ಪುಗಟ್ಟಿ ನಿಂತು, ಹತ್ತು ಹನ್ನೆರಡು ದಿನ ಕಳೆದ ಮೇಲೆ ಚೀಲ ಎತ್ತುವಾಗಲೋ ಗಾಡಿ ಕಿಕ್ ಹೊಡೆಯುವಾಗಲೋ ಮತ್ತೆ ಬಿಚ್ಚಿಕೊಳ್ಳುತ್ತದೆ. ಆಗ ಮೊದಲು ಕಾಣಿಸುವ ಸೂಚನೆ ಹೊಟ್ಟೆನೋವೇ ಆಗಬೇಕೆಂದಿಲ್ಲ. ಸೋರಿದ ರಕ್ತ ವಪೆಯನ್ನು ಕೆರಳಿಸಿದಾಗ ನೋವು ಎಡ ಭುಜದ ತುದಿಯಲ್ಲಿ ಕಾಣುತ್ತದೆ. ಪೆಟ್ಟೇ ಬೀಳದ ಎಡ ಭುಜ ಮಲಗಿದಾಗ ನೋಯುತ್ತಿದೆ ಎಂದು ಅವರು ಹೇಳಿದರೆ, ಅಮೃತಾಂಜನ ಹಚ್ಚುತ್ತಾ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.